ಏಳನೇ ಕೆರೆಯಲ್ಲಿ ಬಿಟ್ಟ ಹೆಸರು

ಬನ್ನಿಮಂಟಪ, ಮೈಸೂರು
೧೮ ನವೆಂಬರ್ ೨೦೦೧, ಭಾನುವಾರ

ಪ್ರೀತಿಯ ಅಕ್ಕನಿಗೆ,

ತಂಗಿ ಸಂಘಮಿತ್ರ ಮಾಡುವ ನಮಸ್ಕಾರಗಳು. ಅವ್ವನೂ ನಾನೂ ಇಲ್ಲಿ ಚೆನ್ನಾಗಿದ್ದೇವೆ. ಮಂಡಿನೋವೊಂದು ಬಿಟ್ಟರೆ ಅವ್ವನಿಗೆ ಬೇರೆ ಕಾಯಿಲೆಯಿಲ್ಲ, ಅವ್ವನ ಬಾಯೊಂದು ಬಿಟ್ಟರೆ ನನಗೆ ಬೇರೆ ತೊಂದರೆಯಿಲ್ಲ. ಹೊಸಪೇಟೆಯಲ್ಲಿ ನೀನು, ಅಮರೇಶ್ ಭಾವ, ಮಗಳು ಲಾಸ್ಯ ಎಲ್ಲರೂ ಸೌಖ್ಯವಾಗಿದ್ದೀರೆಂದು ನಂಬಿದ್ದೇನೆ.

ನಿನ್ನ ಕಾರ್ಡು ಆಯುಧಪೂಜೆಯ ಹಿಂದಿನ ದಿನವೇ ನನ್ನ ಕೈ ಸೇರಿತು. ಉತ್ತರಕ್ಕೆ ಹೆಚ್ಚುಕಡಿಮೆ ನಾಲ್ಕು ವಾರ ತಡವಾಯಿತು, ಕ್ಷಮಿಸು. ದಸರಾ ಗಲಾಟೆ, ಪಂಜಿನ ಕವಾಯತಿಗೆ ಬಂದ ನೆಂಟರು, ಆಮೇಲೆ ದೀಪಾವಳಿ ಅಂತ ಬರೆಯಲು ಹೊರಟಿದ್ದೆ. ಅದು ಸುಳ್ಳು. ನಮ್ಮ ಮನೆಗೆ ಪಂಜಿನ ಕವಾಯತಿಗೆ ಅಂತ ಯಾರೂ ಬರುವುದಿಲ್ಲ, ಜನ ಬಂದು ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸಿ ಹೋಗುತ್ತಾರೆ ಅಷ್ಟೇ. ನಿಜವೇನೆಂದರೆ ನಾಲ್ಕು ಕಾಗದ ಹರಿದು ಹಾಕಿದೆ. ಮೊದಲನೆಯದರಲ್ಲಿ ‘ತಾವು’ ಅಂತ ಬರೆದಿದ್ದೆ, ಎರಡನೆಯದರಲ್ಲಿ ‘ನೀವು’. ಇಪ್ಪತ್ತೆರಡು ವರ್ಷ ನೋಡದ ಅಕ್ಕನನ್ನು ಏನೆಂದು ಕರೆಯಬೇಕೆಂದು ಯಾವ ಪುಸ್ತಕದಲ್ಲೂ ಇಲ್ಲ. ನಾನು ಗ್ರಂಥಾಲಯದಲ್ಲಿ ಕೆಲಸ ಮಾಡುವವಳು, ಇದ್ದಿದ್ದರೆ ಸಿಗುತ್ತಿತ್ತು. ಕೊನೆಗೆ, ಆರು ವರ್ಷದವಳಿದ್ದಾಗ ನಿನ್ನನ್ನು ಹೇಗೆ ಕರೆಯುತ್ತಿದ್ದೆನೋ ಹಾಗೇ ಬರೆಯುತ್ತಿದ್ದೇನೆ.

ನನ್ನ ಕಾದಂಬರಿಯ ಅರ್ಪಣೆಯ ಪುಟದಲ್ಲಿ ‘ಅಪ್ಪ ಪುಟ್ಟಮಾದಯ್ಯನವರ ನೆನಪಿಗೆ’ ಎಂದು ನೋಡಿ ಇದು ನನ್ನ ತಂಗಿಯ ಪುಸ್ತಕವೇ ಎಂದು ಗೊತ್ತಾಯಿತು ಅಂತ ಬರೆದಿದ್ದೀಯ. ಅಂದರೆ ಅಪ್ಪ ಇಲ್ಲವೆಂಬ ಸುದ್ದಿಯನ್ನು ನೀನು ಅಚ್ಚಿನಲ್ಲಿ ಓದುವ ಹಾಗಾಯಿತು. ಅದಕ್ಕೂ ಕ್ಷಮಿಸು. ಮೂರು ವರ್ಷದ ಹಿಂದೆ, ತೊಂಬತ್ತೆಂಟರ ಜುಲೈಯಲ್ಲಿ ಹೋದರು. ಹೆಚ್ಚು ನರಳಲಿಲ್ಲ.

ಕಾರ್ಡಿನಲ್ಲಿ ನೀನು ಕುಶಲ ಕೇಳಿಲ್ಲ. ಮೂರು ಪ್ರಶ್ನೆ ಕೇಳಿದ್ದೀಯ. ಪ್ರೈಮರಿ ಶಾಲೆಯ ಟೀಚರ್ ಆಗಿದ್ದೇನೆ ಅಂತ ನೀನು ಬರೆಯದಿದ್ದರೂ ತಿಳಿಯುತ್ತಿತ್ತು, ಪ್ರಶ್ನೆಗಳಿಗೆ ನಂಬರು ಹಾಕಿದ್ದೀಯ. ಒಂದು: ಅವ್ವನ ಹಾಡಿನ ಹುಡುಗಿಗೆ ಹೆಸರಿಲ್ಲ, ನಿನ್ನ ಪುಸ್ತಕದಲ್ಲಿ ಅವಳಿಗೆ ಚಲುವಿ ಎಂಬ ನನ್ನ ಹೆಸರು ಯಾಕೆ? ಎರಡು: ಹಾಡು ಹೊಸಿಲ ಹತ್ತಿರ ನಿಲ್ಲುತ್ತದೆ, ಬಾಗಿಲು ತೆರೆಯಿತೆಂದು ನಿನಗೆ ಯಾರು ಹೇಳಿದರು? ಮೂರು: ಹಾಡಿನಲ್ಲಿ ತಂಗಿಯೇ ಇಲ್ಲ, ಕಲ್ಲು ನುಂಗಿದ ಆ ತಂಗಿ ಎಲ್ಲಿಂದ ಬಂದಳು? ಆಮೇಲೆ ಜಾಗವಿಲ್ಲದೆ ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ: ‘ಉತ್ತರ ಬರೆಯದಿದ್ದರೂ ಪರವಾಗಿಲ್ಲ. ನಿಮ್ಮ ಮನೆಯಿಂದ ಉತ್ತರ ಬಾರದೆ ಇರುವುದು ನನಗೆ ರೂಢಿಯಾಗಿದೆ.’

‘ನಿಮ್ಮ ಮನೆ’ ಅಂತ ಬರೆದಿದ್ದೀಯ. ಆ ಎರಡು ಪದಕ್ಕೇ ನಾಲ್ಕು ವಾರ ಹಿಡಿಯಿತು ಅಂತ ಇಟ್ಟುಕೋ.

ಮೊದಲು ಪುಸ್ತಕದ ಕಥೆ ಹೇಳಿಬಿಡುತ್ತೇನೆ, ಅದು ಸುಲಭ. ನಾನು ಕೆಲಸ ಮಾಡುವ ರಾಜೀವನಗರದ ಗ್ರಂಥಾಲಯಕ್ಕೆ ಶಾಲೆ ಬಿಟ್ಟ ಮೇಲೆ ಒಂದಷ್ಟು ಹುಡುಗಿಯರು ಬರುತ್ತಾರೆ. ಹದಿಮೂರು, ಹದಿನಾಲ್ಕು, ಹದಿನೈದರವರು. ಕಾಗೆ ಗುಬ್ಬಿ ಕಥೆಯ ಕಪಾಟಿನ ಮುಂದೆ ನಿಲ್ಲಲು ಅವರಿಗೆ ನಾಚಿಕೆ, ದೊಡ್ಡವರ ಕಾದಂಬರಿಯ ಕಪಾಟಿಗೆ ಕೈ ಹಾಕಿದರೆ ನಮ್ಮ ಅಟೆಂಡರ್ ಚೆಲುವಯ್ಯನವರು ಕೆಮ್ಮುತ್ತಾರೆ. ಯಾರೋ ಪುಣ್ಯಾತ್ಮರು ಊರು ಬಿಡುವಾಗ ಒಂದು ಪೆಟ್ಟಿಗೆ ಇಂಗ್ಲಿಷ್ ಪುಸ್ತಕ ಕೊಟ್ಟು ಹೋದರು. ಎಲ್ಲಾ ಆ ವಯಸ್ಸಿನವರಿಗೇ ಬರೆದ ಮಾಯಾಲೋಕದ ಕಾದಂಬರಿಗಳು. ಬರೆದವರ ದೇಶದ ಅಜ್ಜಿಮುತ್ತಜ್ಜಿಯರು ಹಾಡುತ್ತಿದ್ದ ಹಳೆಯ ಕಥೆಪದಗಳನ್ನೇ ಹಿಗ್ಗಿಸಿ ಬರೆದವು. ಅಕ್ಷತಾ ಅಂತ ಒಬ್ಬಳು, ಮಾತಿನಮಲ್ಲಿ, ಅದನ್ನು ಓದಿ ಉಳಿದವರಿಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಒಂದು ದಿನ ನನ್ನ ಮೇಜಿನ ಹತ್ತಿರ ಬಂದು, “ಮಿಸ್, ಆ ದೇಶದ ಅಜ್ಜಿಯರೆಲ್ಲಾ ಇಂಥಾ ಹಾಡು ಹೇಳ್ತಿದ್ರಂತೆ. ನಮ್ಮಜ್ಜಿಯರು ಏನ್ ಮಾಡ್ತಿದ್ರು?” ಅಂದಳು.

ನನಗೆ ರೋಷ ಬಂತು ಕಣಕ್ಕ. ನಮ್ಮಜ್ಜಿಯರು ರಾಗಿ ಬೀಸುತ್ತಿದ್ದರು, ಬೀಸುತ್ತಲೇ ಹಾಡುತ್ತಿದ್ದರು. ನಮ್ಮವ್ವ ಹಾಡುವುದಿಲ್ಲವೇ ಏಳು ಕೆರೆಯ ಪದ? ಅವತ್ತೇ ಟೇಪ್ ರೆಕಾರ್ಡರ್ ಎರವಲು ತಂದೆ. ಅವ್ವ ಅದರ ಮುಂದೆ ಕುಳಿತು, “ಇದು ಹೂಂಗುಟ್ಟಲ್ವಲ್ಲ, ಇದ್ಕೆ ಎಂಗೆ ಹಾಡ್ಲಿ?” ಅಂದಳು. ನಾನು ಪಕ್ಕದಲ್ಲಿ ಕುಳಿತು ಹೂಂಗುಟ್ಟಿದೆ. ಟೇಪಿನಲ್ಲಿ ಹಾಡಿಗಿಂತ ನನ್ನ ಹೂಂ ಜಾಸ್ತಿ ಇದೆ.

ನಿನಗೆ ಹಾಡು ಗೊತ್ತು, ಆದರೂ ಲಾಸ್ಯಳಿಗೆ ನೆನಪಿಸಲು ಬರೆಯುತ್ತೇನೆ. ಬೆಳಗಿನ ಜಾವ ನೀರಿಗೆ ಹೋದ ಹುಡುಗಿಯನ್ನು ನೀರ ದೊರೆ ತನ್ನ ಅರಮನೆಯ ಚಾಕರಿಗೆ ಎಳೆದುಕೊಂಡು ಹೋಗುತ್ತಾನೆ. ಕೆರೆಯ ಕೆಳಗೆ ಕೆರೆ, ಹೀಗೆ ಏಳು. ಅವಳು ತಪ್ಪಿಸಿಕೊಂಡು ಮೇಲೆ ಹತ್ತುವಾಗ ಒಂದೊಂದು ಕೆರೆಯ ಕಾವಲಿನವನೂ ಒಂದೊಂದು ಕೇಳುತ್ತಾನೆ.

ಮೊದಲ ಕೆರೆಯಲ್ಲಿ ಬಳೆಯ ಬಿಟ್ಟಾಳು
ಎರಡನೇ ಕೆರೆಯಲ್ಲಿ ಗೆಜ್ಜೆಯ ಬಿಟ್ಟಾಳು
ಏಳನೇ ಕೆರೆಯಲ್ಲಿ ಹೆಸರನೇ ಬಿಟ್ಟಾಳೋ ನನ್ನವ್ವ
ಹೆಸರಿಲ್ಲದವಳ ಕರೆಯೋರ್ಯಾರೋ

ಅಲ್ಲಿಂದ ನಾಲ್ಕು ಪದ ಮುಂದಕ್ಕೆ ಹೋಗಿ, ಅವಳು ಮನೆಯ ಹೊಸಿಲ ಹತ್ತಿರ ಬಂದು ನಿಲ್ಲುವಲ್ಲಿಗೆ ಟೇಪು ಮುಗಿಯುತ್ತದೆ. ಅವ್ವನಿಗೆ ಕೊನೆ ಮರೆತಿದೆ ಅಂದುಕೊಂಡೆ. ಮರೆಯಲು ವಯಸ್ಸೂ ಆಗಿದೆಯಲ್ಲ ಅಂತ ಕೇಳುವುದಕ್ಕೂ ಹೋಗಲಿಲ್ಲ, ನಾನೇ ಒಂದು ಕೊನೆ ಬರೆದೆ. ನಿನ್ನ ಎರಡನೇ ಪ್ರಶ್ನೆಗೆ ಸದ್ಯಕ್ಕೆ ಇಷ್ಟೇ ಉತ್ತರ: ಯಾರೂ ಹೇಳಲಿಲ್ಲ, ಬಾಗಿಲು ತೆರೆಯಲಿ ಅಂತ ನನಗೇ ಆಸೆಯಾಯಿತು.

ಚಲುವಿ ಎಂಬ ಹೆಸರು ಟೇಪಿನಲ್ಲಿ ಸ್ಪಷ್ಟವಾಗಿದೆ. ನಾನು ಚಿಕ್ಕಂದಿನಿಂದ ಹಾಗೇ ಕೇಳಿದ್ದು. ಅವ್ವ ಹಾಡಿನ ಹುಡುಗಿಯ ಹೆಸರನ್ನು ನಿನಗಿಟ್ಟಿದ್ದಾಳೆ ಅಂತಲೇ ನನ್ನ ನಂಬಿಕೆ. ಹಾಡಿನ ಹುಡುಗಿಗೆ ಹೆಸರೇ ಇಲ್ಲ ಅಂತ ನೀನು ಹೇಳುತ್ತೀಯ. ಯಾರು ಸರಿ ಅಂತ ಅವ್ವನನ್ನೇ ಕೇಳಬೇಕು, ಕೇಳಿದರೆ ನಿನ್ನ ಕಾರ್ಡಿನ ವಿಷಯ ಹೇಳಬೇಕು. ಇನ್ನೂ ಹೇಳಿಲ್ಲ ಅಕ್ಕ. ನಾಲ್ಕು ವಾರದಿಂದ ಕಾರ್ಡು ನನ್ನ ಊಟದ ಬ್ಯಾಗಿನಲ್ಲಿ, ಡಬ್ಬಿಯ ಕೆಳಗೆ ಗ್ರಂಥಾಲಯಕ್ಕೆ ಹೋಗಿ ಬರುತ್ತಿದೆ. ಅಂಚಿಗೆ ಒಂದಿಷ್ಟು ಸಾರು ತಾಗಿದೆ.

ಮೂರನೆಯದಕ್ಕೆ ಆಮೇಲೆ ಬರುತ್ತೇನೆ.

ಪ್ರಕಾಶಕರು ಚಂದ್ರಮೌಳಿಯವರು, ದಟ್ಟಗಳ್ಳಿಯ ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ಪ್ರಕಾಶನ ನಡೆಸುತ್ತಾರೆ. ಹಸ್ತಪ್ರತಿ ಓದಿ, “ಅಲ್ಲಮ್ಮ, ಇದು ಮಕ್ಕಳದೋ ದೊಡ್ಡವರದೋ? ಅಂಗಡಿಯವನು ಇದನ್ನ ಯಾವ ಕಪಾಟಿನಲ್ಲಿ ಇಡ್ತಾನೆ?” ಅಂದರು. ಎರಡರ ನಡುವೆ ನಿಂತಿರುವವರಿಗೆ ಅಂದೆ. “ನಡುವೆ ಕಪಾಟಿಲ್ವಲ್ಲಮ್ಮ” ಅಂದರು. ಆದರೂ ಅಚ್ಚು ಹಾಕಿದರು. ಅವರಿಗೆ ಬಹಳ ಹಿಡಿಸಿದ್ದು ಆ ತಂಗಿಯ ಪಾತ್ರ. ನೀರ ದೊರೆ ಕೆರೆಗೆ ಸೆಳೆಯುವಾಗ ಚಲುವಿ ಅವ್ವನಿಗೆ ಮುಟ್ಟಿಸೆಂದು ಒಂದು ಕಲ್ಲನ್ನು ತಂಗಿಯ ಕೈಗೆ ಕೊಡುತ್ತಾಳಲ್ಲ, ಕಲ್ಲಿನೊಳಗೆ ಅವಳ ಮಾತು ಇರುತ್ತದಲ್ಲ, ಹೆದರಿದ ತಂಗಿ ಅದನ್ನು ಬಾಯಿಗೆ ಹಾಕಿಕೊಂಡು ನುಂಗಿಬಿಡುತ್ತಾಳಲ್ಲ, ಅದು. “ಅದನ್ನ ಹೇಗೆ ಹೊಳೆಸಿಕೊಂಡ್ಯಮ್ಮ?” ಅಂತ ಕೇಳಿದರು. ಸುಮ್ಮನೆ ಹೊಳೆಯಿತು ಸಾರ್ ಅಂದೆ.

ಅವ್ವನಿಗೆ ಪುಸ್ತಕ ಪೂರ್ತಿ ಓದಿ ಹೇಳಿದೆ. ದಿನಕ್ಕೊಂದು ಅಧ್ಯಾಯ, ಸಂಜೆ ಕಾಫಿ ಆದ ಮೇಲೆ. ಮೀನು ಮಾತಾಡಿದ್ದಕ್ಕೆ, ಮೊಸಳೆಗಳು ಬನ್ನಿಮಂಟಪದ ಪೊಲೀಸರ ಹಾಗೆ ಪಂಜು ಹಿಡಿದು ಕವಾಯತು ಮಾಡಿದ್ದಕ್ಕೆ ಅವಳ ತಕರಾರಿರಲಿಲ್ಲ. “ಅದ್ಸರಿ, ಏಡಿ ಇರೋ ಕೆರೇಲಿ ಆ ಹುಡ್ಗಿ ಬರಿಗಾಲಲ್ಲಿ ನಿಂತ್ಕಂಡು ಅಷ್ಟುದ್ದ ಭಾಷ್ಣ ಎಂಗ್ ಮಾಡ್ತಾಳೆ? ಕಚ್ಚಕಿಲ್ವಾ?” ಅಂದಳು. ವಿಮರ್ಶಕರು ಯಾರೂ ಗಮನಿಸದ ತಪ್ಪು. ತಂಗಿ ಕಲ್ಲು ನುಂಗಿದ ಅಧ್ಯಾಯ ಓದಿದಾಗ ಮಾತ್ರ, ಹಾಲು ಉಕ್ಕೀತು ಅಂತ ಎದ್ದು ಹೋದಳು. ಒಲೆಯ ಮೇಲೆ ಹಾಲಿರಲಿಲ್ಲ.

ಇವತ್ತಿಗೆ ಸಾಕು, ಅವ್ವ ಪಕ್ಕದ ಮನೆಯಿಂದ ಬಂದಳು.

೨೧ ನವೆಂಬರ್, ಬುಧವಾರ

ಅಕ್ಕ, ಕೇಳಿದೆ.

ಅವ್ವ ಜಗಲಿಯಲ್ಲಿ ಕುಳಿತು ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ನಾನೂ ಒಂದು ಕಟ್ಟು ಎಳೆದುಕೊಂಡು ಕುಳಿತು, “ಅವ್ವ, ಹಾಡಿನ ಹುಡುಗಿ ಹೆಸ್ರು ಚಲುವಿ ಅಲ್ವಾ?” ಅಂದೆ.

“ಅಲ್ಲ.”

“ಮತ್ತೆ ಟೇಪಲ್ಲಿ ಚಲುವಿ ಅಂತಾನೇ ಹಾಡಿದ್ದೀಯಲ್ಲ.”

“ಅವ್ಳ ಹೆಸ್ರು ಏಳ್ನೇ ಕೆರೇಲಿ ಹೋಯ್ತಲ್ಲವ್ವ. ಹೆಸ್ರಿಲ್ದೋಳು ಮನೆಗೆ ಎಂಗ್ ಬಂದಾಳು? ಬಾಗ್ಲಲ್ಲಿ ಯಾರವ್ವಾ ಅಂತ ಕೇಳುದ್ರೆ ಏನಂತ ಹೇಳಾಳು? ಅದ್ಕೇ ಹಾಡೋರು ಒಂದು ಹೆಸ್ರು ಕೊಟ್ಟು ಕಳಿಸ್ಬೇಕು. ಮನೇಲಿರೋ ಹೆಣ್ಮಗೂದೋ, ದೂರ ಹೋಗಿರೋಳ್ದೋ. ಆದ್ರೆ ಉಸಿರಾಡ್ತಿರೋರ ಹೆಸ್ರೇ ಆಗ್ಬೇಕು ಕಣವ್ವ. ಸತ್ತೋರ್ದು ಕೊಟ್ರೆ ಹಾಡಿನೋಳು ಅಲ್ಲೇ ನೀರಲ್ಲೇ ಉಳ್ಕಬುಡ್ತಾಳೆ.”

ನನ್ನ ಕೈಯಲ್ಲಿದ್ದ ಸೊಪ್ಪು ಹಾಗೇ ಉಳಿಯಿತು. ನಿನಗೆ ಈ ಮನೆಯ ಆಮೇಲಿನ ಕಥೆ ಗೊತ್ತಿಲ್ಲ, ಅದಕ್ಕೆ ಹೇಳುತ್ತೇನೆ. ನೀನು ಭಾವನನ್ನು ಮದುವೆಯಾಗಲು ಮನೆ ಬಿಟ್ಟ ವಾರದಲ್ಲೇ ಅಪ್ಪ, “ಆ ಹೆಸರು ಈ ಮನೆಯಲ್ಲಿ ಎತ್ತಕೂಡದು. ಅವಳು ನಮ್ಮ ಪಾಲಿಗೆ ಸತ್ತಳು” ಅಂದಿದ್ದರು. ಯಾರೂ ಎತ್ತಲಿಲ್ಲ. ಊಟಕ್ಕೆ ಕೂತಾಗಲೂ ಇಲ್ಲ, ನೆಂಟರು ಬಂದಾಗಲೂ ಇಲ್ಲ. ಹಾಡಿನಲ್ಲಿ ಮಾತ್ರ ಎತ್ತಬಹುದಿತ್ತು. ಅಪ್ಪ ಕೆಲಸಕ್ಕಿದ್ದ ಗಿರಣಿಯ ಲೈನಿನ ಆ ಒಂದೂವರೆ ಕೋಣೆಯ ಮನೆಯಲ್ಲಿ ಅವ್ವ ವಾರಕ್ಕೊಮ್ಮೆಯಾದರೂ ಏಳು ಕೆರೆಯ ಪದ ಹಾಡುತ್ತಿದ್ದಳು. ಬೀಸುವ ಕಲ್ಲು ಹೋಗಿ ಮಿಲ್ಲಿನ ಹಿಟ್ಟು ಬಂದ ಮೇಲೂ, ಸೊಪ್ಪು ಬಿಡಿಸುತ್ತಾ, ಕೌದಿ ಹೊಲೆಯುತ್ತಾ. ಹಾಡು ಶುರುವಾದರೆ ಅಪ್ಪ ಪೇಪರು ಮಡಿಸಿ ಹೊರಗೆ ಹೋಗುತ್ತಿದ್ದರು. ನೀರಿನೊಳಗೆ ದೊರೆ ಇದ್ದಾನೆಂಬ ಮೂಢನಂಬಿಕೆ ಅವರಿಗೆ ಆಗದು, ಅದಕ್ಕೇ ಹೋಗುತ್ತಾರೆ ಅಂತ ನಾನು ತಿಳಿದಿದ್ದೆ. ಆದರೆ ದೂರ ಹೋಗುತ್ತಿರಲಿಲ್ಲ. ಕಿಟಕಿಯ ಪಕ್ಕದ ಗೋಡೆಗೆ ಒರಗಿ, ಹಾಡು ಮುಗಿಯುವವರೆಗೆ ಬೀಡಿ ಸೇದುತ್ತಾ ನಿಂತಿರುತ್ತಿದ್ದರು.

ಇಪ್ಪತ್ತೆರಡು ವರ್ಷ ಅವ್ವ ನಿನ್ನನ್ನು ಸಾಯಲು ಬಿಡಲಿಲ್ಲ ಅಕ್ಕ. ನಿನ್ನ ಮೊದಲ ಪ್ರಶ್ನೆಗೆ ಇದು ಉತ್ತರ. ನಾನು ಕಾದಂಬರಿಗಾರ್ತಿ ಅಂತ ಬೀಗುತ್ತಿದ್ದವಳು ಈ ಒಂದು ಸಂಗತಿಯನ್ನು ಮನೆಯಲ್ಲೇ ಕುಳಿತು ಕೇಳಿಸಿಕೊಂಡೂ ತಿಳಿಯದೆ ಹೋದೆ.

ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಬಚ್ಚಿಡುವುದೇಕೆ. “ಮನೇಲಿರೋ ಹೆಣ್ಮಗು ನಾನಿದ್ನಲ್ಲ, ನನ್ನ ಹೆಸ್ರು ಯಾಕೆ ಕೊಡ್ಲಿಲ್ಲ?” ಅಂದೆ. “ನೀನು ಇಲ್ಲೇ ಸೊಪ್ಪು ಬುಡಿಸ್ತಾ ಕೂತಿದ್ದೀಯಲ್ಲ, ನಿನ್ನ ಕರಿಯಕೆ ಹಾಡ್ ಯಾಕೆ? ಕೂಗುದ್ರೆ ಸಾಲ್ದಾ? ನೀವಿಬ್ರೂ ಮನೇಲಿದ್ದಾಗ ನಾನು ಯಾರ್ ಹೆಸ್ರೂ ಕೊಡ್ತಿರ್ನಿಲ್ಲ” ಅಂದಳು.

ಕೊನೆಯ ಪದ ಮರೆತಿದೆಯಾ ಅಂತ ಕೇಳಿದ್ದಕ್ಕೆ ನನ್ನನ್ನು ದುರುಗುಟ್ಟಿ ನೋಡಿದಳು. ಮರೆತಿಲ್ಲವಂತೆ. ಅದಕ್ಕೆ ಬಾಗಿಲ ಪದ ಅನ್ನುತ್ತಾರಂತೆ. ಯಾರ ಹೆಸರು ಕೊಟ್ಟು ಹಾಡಿದ್ದಾರೋ ಅವಳು ಮದುವೆಯಾಗಿ ಮೊದಲ ಸಲ ತವರಿಗೆ ಬಂದು ಹೊಸಿಲ ಹೊರಗೆ ನಿಂತಾಗ, ಒಳಗೆ ನಿಂತ ತಾಯಿ ಹಾಡುವುದಂತೆ. ಅವಳು ಎದುರಿಗಿಲ್ಲದೆ ಹಾಡಕೂಡದು. ಅಜ್ಜಿ ಅವ್ವನಿಗೆ ಹಾಡಿದ್ದನ್ನು ಅವ್ವ ಒಂದೇ ಒಂದು ಸಲ ಕೇಳಿ ಕಲಿತದ್ದು. ನೀನು ಕೇಳಿಲ್ಲ, ನಾನೂ ಕೇಳಿಲ್ಲ. ಹಾಗಾಗಿ ನನ್ನ ಪುಸ್ತಕದ ಕೊನೆ ಕಲ್ಪನೆ, ಅಸಲು ಅವ್ವನ ಹತ್ತಿರ ಇದೆ.

ಆಮೇಲೆ ಅವ್ವ ದಂಟು ಮುರಿಯುವುದನ್ನು ನಿಲ್ಲಿಸಿ, “ಇದೆಲ್ಲಾ ಈಗ ಯಾಕ್ ಕೇಳ್ತಿದ್ದೀಯ? ಕಾಗ್ದ ಬಂತಾ?” ಅಂದಳು.

ನಾನು ಒಳಗೆ ಹೋಗಿ ಬ್ಯಾಗಿನಿಂದ ಕಾರ್ಡು ತಂದೆ. ನಾಲ್ಕು ಸಲ ಓದಿಸಿಕೊಂಡಳು. ಅಂಚಿನ ಸಾಲನ್ನು ಬಿಟ್ಟು ಓದಿದೆ, ಮೂರನೆಯ ಪ್ರಶ್ನೆಯನ್ನೂ ಬಿಟ್ಟೆ. “ಟೀಚರ್ ಆದ್ಲಾ?” ಅಂತ ಎರಡು ಸಲ ಕೇಳಿದಳು. ಟಿ.ಸಿ.ಎಚ್. ತರಬೇತಿ ಆರು ತಿಂಗಳು ಬಾಕಿಯಿರುವಾಗ ಬಿಟ್ಟು ಹೋದೆಯಲ್ಲ, ಆ ನೋವು ಅಪ್ಪನಿಗಿಂತ ಅವ್ವನಿಗೇ ಹೆಚ್ಚಿತ್ತು ಅಂತ ನನಗೆ ಈಗ ಗೊತ್ತಾಯಿತು. ಕಾರ್ಡನ್ನು ಇಸಿದುಕೊಂಡು ಸೆರಗಿನಲ್ಲಿ ಒರೆಸಿ, ಸಾರಿನ ಕಲೆ ಹೋಗದ್ದಕ್ಕೆ ನನ್ನನ್ನು ಬೈದಳು.

“ಬರಕ್ ಹೇಳಿ ಬರೀಲಾ ಅವ್ವ?” ಅಂದೆ.

ಅವ್ವ ಮತ್ತೆ ದಂಟು ಕೈಗೆತ್ತಿಕೊಂಡಳು. ಆಮೇಲೆ, “ನಾನ್ ಎಂಗವ್ವ ಕರೀಲಿ? ಒಂದ್ ಮಾತೂ ಹೇಳ್ದೆ ಹೋದೋಳು. ನಾವು ಬ್ಯಾಡ ಅಂತಾನೇ ತಾನೇ ಹೇಳ್ದೆ ಹೋದ್ದು? ಬ್ಯಾಡ ಅಂದೋರ್ನ ಕರೆದು ಬಾಗ್ಲಲ್ಲಿ ನಿಂತ್ಕಳದು ಚಂದಾಗಿರ್ತದಾ?” ಅಂದಳು.

ಅಪ್ಪನ ಮಾತೂ ಇದೇ ಆಗಿತ್ತು. ಅಪ್ಪ ಭಾವನ ಜಾತಿ ನೋಡಿ ಕೋಪಿಸಿಕೊಂಡರು ಅಂತ ನೀನು ತಿಳಿದಿದ್ದರೆ ಅದು ತಪ್ಪು. ಜಾತಿ ಬಿಟ್ಟು ಮದುವೆಯಾಗಿ ಅಂತ ಗಿರಣಿಯ ಗೇಟಿನ ಮುಂದೆ ಭಾಷಣ ಮಾಡಿದ ಮನುಷ್ಯ ಅವರು. ತೀರಿಕೊಳ್ಳುವ ಹದಿನೈದು ದಿನದ ಮುಂಚೆ, ಜ್ವರದಲ್ಲಿ, ನಾನು ಗಂಜಿ ಕುಡಿಸುತ್ತಿದ್ದೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನಿನ್ನ ಹೆಸರು ಎತ್ತಿದರು. “ಚಲುವಮ್ಮ ಒಂದು ಮಾತು ಹೇಳಿ ಹೋಗಿದ್ರೆ ನಾನೇ ಮುಂದೆ ನಿಂತು ಮಾಡ್ತಿದ್ದೆ ಕಣಮ್ಮ. ನನ್ನ ಮೇಲೆ ಅಷ್ಟೂ ನಂಬಿಕೆ ಇರಲಿಲ್ವಾ ಅವಳಿಗೆ?” ಅಂದರು. ನಾನು ಲೋಟ ತೊಳೆಯಲು ಹೋದೆ.

೨೩ ನವೆಂಬರ್, ಶುಕ್ರವಾರ

ಎರಡು ದಿನದಿಂದ ಕಾಗದ ಹಾಗೇ ಬಿದ್ದಿದೆ. ಇನ್ನು ಮುಗಿಸುತ್ತೇನೆ.

ಚಂದ್ರಮೌಳಿಯವರು ಎರಡನೆಯ ಮುದ್ರಣಕ್ಕೆ ತಯಾರಾಗು ಅಂದಿದ್ದಾರೆ. ಚಲುವಿ ಹಳೇ ಕಾಲದ ಹೆಸರು, ಈಗಿನ ಹುಡುಗಿಯರಿಗೆ ಹಿಡಿಸುವಂಥದ್ದು ಇಡು ಅಂತ ಸಲಹೆ ಕೊಟ್ಟರು. ಆ ಹೆಸರು ತೆಗೆದರೆ ಹುಡುಗಿ ಮನೆಗೆ ಬರುವುದಿಲ್ಲ ಸಾರ್ ಅಂದೆ. ಅವರಿಗೆ ಅರ್ಥವಾಗಲಿಲ್ಲ, ಆದರೂ ತಲೆಯಾಡಿಸಿದರು. ಅಕ್ಷತಾಳ ಗುಂಪಿಗೆ ಈಗ ಹೊಸ ಹುಚ್ಚು ಹಿಡಿದಿದೆ. ಮನೆಮನೆಯ ಅಜ್ಜಿಯರ ಹಿಂದೆ ಟೇಪ್ ರೆಕಾರ್ಡರ್ ಹಿಡಿದು ಅಲೆಯುತ್ತಿದ್ದಾರೆ. ಪುಟ್ಟಲಿಂಗಮ್ಮ ಅಂತ ಒಬ್ಬ ಅಜ್ಜಿ ಇವರ ಕಾಟಕ್ಕೆ ಒಳಗಿನಿಂದ ಚಿಲಕ ಹಾಕಿಕೊಂಡರಂತೆ. ಚಿಲಕದ ಹಿಂದೆಯೇ ಒಂದು ಪದ ಹಾಡಿದರಂತೆ, ಅದೂ ಟೇಪಿನಲ್ಲಿದೆ. ನಡುವಿನ ಕಪಾಟು ತುಂಬುತ್ತದೆ ಅನ್ನಿಸುತ್ತಿದೆ ಅಕ್ಕ. ಲಾಸ್ಯಳಿಗೂ ಹೇಳು, ಅವಳ ಅಜ್ಜಿಯ ಹಾಡು ಅವಳದೂ ಹೌದು, ಮುಂದಿನದನ್ನು ಅವಳೇ ಬರೆಯಲಿ.

ನೀನಾಗೇ ಬರಲಿ ಅಂತ ಅವ್ವ, ಅವ್ವ ಕರೆಯಲಿ ಅಂತ ನೀನು. ಇಬ್ಬರೂ ಹಟಮಾರಿಗಳು ಅಂತ ಬೈಯುವ ಯೋಗ್ಯತೆ ನನಗಿಲ್ಲ.

ಭಾವನಿಗೆ ನಮಸ್ಕಾರ ತಿಳಿಸು. ಲಾಸ್ಯಳ ತಲೆಯ ಮೇಲೆ ಈ ಚಿಕ್ಕಮ್ಮನ ಕೈ ಯಾವಾಗಲೂ ಇದೆಯೆಂದು ಹೇಳು. ನಿನ್ನ ಆಶೀರ್ವಾದ ಕೇಳಬೇಕು, ಕೇಳುವ ಮೊದಲು ಒಂದು ಮಾತು ಬಾಕಿಯಿದೆ, ಅದಕ್ಕೇ ಕೇಳುತ್ತಿಲ್ಲ.

ನಿನ್ನ ತಂಗಿ,
ಸಂಘಮಿತ್ರ

ತಾ.ಕ.: ೨೪ ನವೆಂಬರ್, ಶನಿವಾರ. ಲಕೋಟೆ ಅಂಟಿಸಿದ್ದೆ, ಬಿಚ್ಚಿದ್ದೇನೆ. ಮೂರನೆಯ ಪ್ರಶ್ನೆಗೆ ಉತ್ತರ ನಿನಗೆ ಗೊತ್ತು, ಗೊತ್ತಿದ್ದೇ ಕೇಳಿದ್ದೀಯ.

ಆ ಸೋಮವಾರ ಅವ್ವ ಸಂತೆಗೆ ಹೋಗಿದ್ದಳು. ನೀನು ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ, ಕೈಗೆ ಕಡಲೆಮಿಠಾಯಿ ಕೊಟ್ಟು, ಒಂದು ಮಾತು ಕಲಿಸಿ, ಮೂರು ಸಲ ಹೇಳಿಸಿದೆ. ಆಗಲೇ ಟೀಚರ್ ಆಗಿದ್ದೆ ನೀನು. ಸಂಜೆ ಅಪ್ಪ ನಿನ್ನ ಪೆಟ್ಟಿಗೆ ಖಾಲಿಯಾದದ್ದನ್ನು ನೋಡಿ, “ಯಾರಿಗಾದ್ರೂ ಏನಾದ್ರೂ ಹೇಳಿ ಹೋದಳಾ?” ಅಂತ ಕೂಗಿದರು. ಅಪ್ಪ ಹಾಗೆ ಕೂಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಇಲ್ಲ ಅಂದುಬಿಟ್ಟೆ. ಮಂಗಳವಾರ ಹೇಳಿದರೆ ನಿನ್ನೆ ಯಾಕೆ ಹೇಳಲಿಲ್ಲ ಅಂತ ಹೊಡೆಯುತ್ತಾರೆ. ಬುಧವಾರ ಹೇಳಿದರೆ ಎರಡು ದಿನದ ಏಟು. ಗುರುವಾರ ಪೂರ್ತಿ ಹೊಟ್ಟೆನೋವು ಅಂತ ಮಲಗಿದ್ದೆ. ಆಮೇಲೆ ಗುರುವಾರ ಕಳೆದುಹೋಯಿತು. ಹತ್ತು ವರ್ಷದವಳಾದಾಗ ಹೇಳಬಹುದಿತ್ತು, ಇಪ್ಪತ್ತರಲ್ಲಿ ಹೇಳಬಹುದಿತ್ತು, ಅಪ್ಪನಿಗೆ ಗಂಜಿ ಕುಡಿಸುತ್ತಾ ಹೇಳಬಹುದಿತ್ತು. ಲೋಟ ತೊಳೆದೆ. ನೀನು ಹೇಳಿ ಹೋಗಿದ್ದೆ ಅಕ್ಕ. ಹೇಳದೆ ಇದ್ದವಳು ನಾನು.

ಇವತ್ತು ಬೆಳಗ್ಗೆ ಅವ್ವನ ಮುಂದೆ ಕುಳಿತು ಹೇಳಿದೆ. ಅವಳು ನನ್ನನ್ನು ಹೊಡೆಯಲಿ ಅಂತ ಆಸೆಯಿತ್ತು. “ಪುಸ್ತಕ್ದಲ್ಲಿ ನೀನು ಆ ಕಲ್ಲಿಂದು ಓದಿದ್ ದಿನಾನೇ ಏನೋ ಐತೆ ಅಂತ ಗೊತ್ತಾಯ್ತು. ತಾನಾಗೇ ಈಚೆಗೆ ಬರ್ಲಿ ಅಂತ ಸುಮ್ನಿದ್ದೆ” ಅಂದಳು. ಆಮೇಲೆ, “ಅವ್ಳು ಏನಂದ್ಲು? ಅಂಗೇ ಹೇಳು” ಅಂದಳು.

ನನಗೆ ಕುಳಿತು ಹೇಳಲಾಗಲಿಲ್ಲ. ಎದ್ದು ನಿಂತು, ನೀನು ಕಲಿಸಿದ ಹಾಗೇ ಹೇಳಿದೆ: “ಅವ್ವಾ, ಅಕ್ಕ ನಂಜನಗೂಡಲ್ಲಿ ಬೆಟ್ಟಯ್ಯ ಮೇಷ್ಟ್ರ ಮನೇಲಿರ್ತಾಳಂತೆ. ಗುರುವಾರದ ತನಕ ಕಾಯ್ತಾಳಂತೆ. ಅಪ್ಪ ಬಂದ್ರೆ ಅಪ್ಪನ ಕೈಯಿಂದಲೇ ಮದುವೆಯಂತೆ.” ಒಂದು ಅಕ್ಷರವೂ ಮರೆತಿರಲಿಲ್ಲ.

ಅವ್ವ ಗೋಡೆ ಹಿಡಿದು ಎದ್ದಳು. ನನ್ನ ಹತ್ತಿರ ಬರಲಿಲ್ಲ, ಅಪ್ಪನ ಫೋಟೋದ ಮುಂದೆ ಹೋಗಿ ನಿಂತಳು. “ಕೇಳುಸ್ತಾ? ದೊಡ್ಡೋಳು ಹೇಳೇ ಹೋಗಿದ್ಲಂತೆ. ನಿಮ್ಮ ಮ್ಯಾಲೆ ನಂಬ್ಕೆ ಇತ್ತಂತೆ ಅವ್ಳಿಗೆ. ಕೂಸು ಮರ್ತಿತ್ತು, ಅಷ್ಟೇಯ” ಅಂದಳು. ಮರೆತಿತ್ತು ಅಂದಳು ಅಕ್ಕ. ನಾನು ಮರೆತಿರಲಿಲ್ಲ ಅಂತ ಗೊತ್ತಿದ್ದೂ ಅಂದಳು.

ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ, “ಈಗ ನನ್ ಮಾತು ಅವ್ಳಿಗೆ ಮುಟ್ಸು. ಈ ಸಲ ನುಂಗ್ಬ್ಯಾಡ” ಅಂದಳು. ಮೂರು ಸಲ ಹೇಳಿಸಿದಳು. ಅವಳ ಮಾತು ಇದು:

“ಗುರ್ವಾರ ಬರಕ್ ಹೇಳು. ಯಾವ್ ಗುರ್ವಾರ ಆದ್ರೂ ಸರಿ. ನಾನು ಬಾಗ್ಲಲ್ಲಿರ್ತೀನಿ.”

ಮುಟ್ಟಿಸಿದ್ದೇನೆ, ಅಕ್ಕ.